ಒಂದೇ ಅದಿರು, ಎರಡು ಲೆಕ್ಕ: ಪೆಬಲ್ ಗಣಿಯ ಕಾಗದಪತ್ರ ಓದಿದವರು ಇಲ್ಲಿ ಬರೆಯಿರಿ

ಹೊಳೆಸಾಲು

ಎರಡು ವಾರದಿಂದ ರಾತ್ರಿ ಊಟವಾದ ಮೇಲೆ ಅಲಾಸ್ಕಾದ ಪೆಬಲ್ ಗಣಿ ಯೋಜನೆಯ ಕಾಗದಪತ್ರಗಳನ್ನು ಓದುತ್ತಿದ್ದೇನೆ. ಲೆಕ್ಕಪರಿಶೋಧನೆ ನನ್ನ ವೃತ್ತಿ. ಒಂದೇ ವ್ಯವಹಾರಕ್ಕೆ ಎರಡು ಲೆಕ್ಕ ಕಣ್ಣಿಗೆ ಬಿದ್ದರೆ ಅದರ ಬುಡ ಸಿಗುವ ತನಕ ಬಿಡಲು ಮನಸ್ಸಾಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ತಿಳಿಯದವರಿಗೆ ಹಿನ್ನೆಲೆ. ನೈಋತ್ಯ ಅಲಾಸ್ಕಾದ ಇಲಿಯಾಮ್ನಾ ಸರೋವರದ ಹತ್ತಿರ ತಾಮ್ರ, ಚಿನ್ನ, ಮಾಲಿಬ್ಡಿನಂ ಇರುವ ಭಾರಿ ನಿಕ್ಷೇಪವಿದೆ. ಅದರ ಹಕ್ಕು ಇರುವುದು ಕೆನಡಾದ ವ್ಯಾಂಕೂವರ್‌ನ ನಾರ್ದರ್ನ್ ಡೈನಾಸ್ಟಿ ಮಿನರಲ್ಸ್ ಕಂಪನಿಗೆ. ಷೇರು ಟೊರಾಂಟೊ, ನ್ಯೂಯಾರ್ಕ್ ಎರಡೂ ಕಡೆ ವಹಿವಾಟಾಗುತ್ತದೆ. ನಿಕ್ಷೇಪ ಕುಳಿತಿರುವ ಜಾಗವೇ ನುಶಗಾಕ್ ಮತ್ತು ಕ್ವಿಚಾಕ್ ನದಿಗಳ ತಲೆಹೊಳೆಗಳು. ಆ ನದಿಗಳು ಹೋಗಿ ಸೇರುವ ಬ್ರಿಸ್ಟಲ್ ಕೊಲ್ಲಿಯಲ್ಲಿ ಜಗತ್ತಿನ ಅತಿ ದೊಡ್ಡ ಸಾಕ್‌ಐ ಸಾಲ್ಮನ್ ಮೀನುಗಾರಿಕೆ ನಡೆಯುತ್ತದೆ.

ಈಗ ಎರಡು ಲೆಕ್ಕ. ಷೇರುದಾರರಿಗೆ ಕೊಟ್ಟ ಪ್ರಕಟಣೆಗಳಲ್ಲಿ ಅದಿರು ಸುಮಾರು 650 ಕೋಟಿ ಟನ್: ಅದರಲ್ಲಿ 5,700 ಕೋಟಿ ಪೌಂಡ್ ತಾಮ್ರ, 7.1 ಕೋಟಿ ಔನ್ಸ್ ಚಿನ್ನ. ಇದು ಅಳೆದು, ಅಂದಾಜಿಸಿದ ವರ್ಗಗಳಷ್ಟೇ. ಊಹೆಯ ವರ್ಗ, ಅಂದರೆ ಅಷ್ಟು ಖಚಿತವಲ್ಲದ ಅದಿರು, ಇನ್ನೂ ಬೇರೆ. 2017ರ ಡಿಸೆಂಬರ್‌ನಲ್ಲಿ ಪರವಾನಗಿಗೆ ಅರ್ಜಿ ಹಾಕಿದ ಬಳಿಕ ರೂಪುಗೊಂಡ ಯೋಜನೆಯಲ್ಲಿ ಗಣಿಯ ಆಯುಷ್ಯ 20 ವರ್ಷ, ತೆಗೆಯುವ ಅದಿರು ಸುಮಾರು 130 ಕೋಟಿ ಟನ್. ಐದರಲ್ಲಿ ಒಂದು ಪಾಲು.

ಉಳಿದ ನಾಲ್ಕು ಪಾಲನ್ನು ನೆಲದಲ್ಲೇ ಬಿಟ್ಟು ಹೋಗುವವರು ಅದನ್ನು ಷೇರುದಾರರ ಮುಂದೆ ಪುಟ ಪುಟ ಏಕೆ ಹರಡಬೇಕು? ತೆಗೆಯುವ ಇರಾದೆ ಇದ್ದರೆ ಪರವಾನಗಿ ಕೊಡುವವರ ಮುಂದೆ ಅದನ್ನು ಏಕೆ ಹೇಳಬಾರದು?

ಬಂಡವಾಳದಾರ

ಹೊಳೆಸಾಲು ಅವರೇ, ನಿಮ್ಮ ಶ್ರಮಕ್ಕೆ ಗೌರವವಿದೆ, ತೀರ್ಮಾನ ಮಾತ್ರ ಅವಸರದ್ದು. ಕೆನಡಾದ ಎನ್‌ಐ 43-101 ನಿಯಮ ಇದೆಯಲ್ಲ, ಅದರ ಪ್ರಕಾರ ಗಣಿ ಕಂಪನಿ ತನ್ನ ನಿಕ್ಷೇಪದ ಅಂದಾಜನ್ನು ಅರ್ಹ ತಜ್ಞರ ಸಹಿಯೊಂದಿಗೇ ಪ್ರಕಟಿಸಬೇಕು. 1997ರ ಬ್ರಿ-ಎಕ್ಸ್ ಹಗರಣ ನೆನಪಿರಬಹುದು: ಇಂಡೊನೇಷ್ಯಾದ ಬುಸಾಂಗ್‌ನಲ್ಲಿ ಇಲ್ಲದ ಚಿನ್ನವನ್ನು ಇದೆ ಎಂದು ತೋರಿಸಿ ಹೂಡಿಕೆದಾರರನ್ನು ಮುಳುಗಿಸಿದರು. ಆ ಪೆಟ್ಟಿನಿಂದ ಹುಟ್ಟಿದ ನಿಯಮ ಇದು. 650 ಕೋಟಿ ಟನ್ ಇದೆ ಎಂದು ಗೊತ್ತಿದ್ದೂ 130 ಕೋಟಿ ಎಂದು ಬರೆದಿದ್ದರೆ ಅದೇ ಅಪರಾಧವಾಗುತ್ತಿತ್ತು.

ಇನ್ನು ಪರವಾನಗಿ. ಅರ್ಜಿ ಹಾಕಿದ್ದು 20 ವರ್ಷಕ್ಕೆ. ಮುಂದೆ ವಿಸ್ತರಿಸಬೇಕೆಂದರೆ ಹೊಸ ಅರ್ಜಿ, ಹೊಸ ಪರಿಶೀಲನೆ. ಮನೆಗೆ ಒಂದು ಮಹಡಿ ಕಟ್ಟಲು ಅನುಮತಿ ಕೇಳಿದವನನ್ನು "ನಿನ್ನ ತಳಪಾಯ ಐದು ಮಹಡಿ ತಡೆಯುತ್ತದೆ, ಆದ್ದರಿಂದ ನೀನು ಸುಳ್ಳುಗಾರ" ಎನ್ನಬಹುದೇ?

ಅದಿರುಮಣ್ಣು

ನಾನು ಭೂವಿಜ್ಞಾನಿ, ಹೊಸಪೇಟೆ-ಸಂಡೂರು ಕಡೆ ಮೂವತ್ತು ವರ್ಷ ಕಲ್ಲು ಕುಟ್ಟಿ ನಿವೃತ್ತನಾದವನು. ಬಂಡವಾಳದಾರರು ನಿಕ್ಷೇಪದ ಪ್ರಕಟಣೆಯ ಬಗ್ಗೆ ಹೇಳಿದ್ದು ಸರಿ. ಮಹಡಿಯ ಹೋಲಿಕೆ ಮಾತ್ರ ಗಣಿಗೆ ಹೊಂದುವುದಿಲ್ಲ.

ತೆರೆದ ಗಣಿಯಲ್ಲಿ ಮೊದಲ ದಿನವೇ ಮುಂದಿನ ಐವತ್ತು ವರ್ಷ ತೀರ್ಮಾನವಾಗಿರುತ್ತದೆ. ಹೊಂಡದ ಇಳಿಜಾರು ಎಷ್ಟಿರಬೇಕು, ಅರೆಯುವ ಗಿರಣಿ ಎಲ್ಲಿ ಕೂರಬೇಕು, ಅರೆದ ಮೇಲೆ ಉಳಿಯುವ ಹೂಳಿಗೆ ಯಾವ ಕಣಿವೆಯ ಬಾಯಿಗೆ ಒಡ್ಡು ಹಾಕಬೇಕು, ಇವನ್ನೆಲ್ಲ ಆಮೇಲೆ ಎತ್ತಿ ಬೇರೆಡೆ ಇಡಲಾಗುವುದಿಲ್ಲ. ಅದಿರಿನ ಮೇಲೆ ಗಿರಣಿ ಕಟ್ಟುವ ತಪ್ಪನ್ನು ಯಾವ ಗಣಿ ಎಂಜಿನಿಯರ್ ಕೂಡ ಮಾಡುವುದಿಲ್ಲ. ಪೆಬಲ್‌ನಂಥ ಕಡೆ ಇನ್ನೊಂದು ಪ್ರಶ್ನೆಯೂ ಇದೆ. ರಸ್ತೆ ಇಲ್ಲ, ಬಂದರು ಇಲ್ಲ, ವಿದ್ಯುತ್ ಇಲ್ಲ. ಎಲ್ಲವನ್ನೂ ಹೊಸದಾಗಿ ಮಾಡಬೇಕು. ಅಷ್ಟು ಹಣ ಸುರಿದು ಐದನೇ ಒಂದು ಪಾಲು ತೆಗೆದು ಬಾಗಿಲು ಹಾಕಿದರೆ ಹಾಕಿದ ಬಂಡವಾಳ ಹುಟ್ಟುವುದೇ?

2011ರಲ್ಲಿ ಇದೇ ಕಂಪನಿ ಪ್ರಕಟಿಸಿದ ಪ್ರಾಥಮಿಕ ಮೌಲ್ಯಮಾಪನವನ್ನು ಹುಡುಕಿ ನೋಡಿ. ಅದರಲ್ಲಿ ಮೂರು ಲೆಕ್ಕ ಇದ್ದವು: 25 ವರ್ಷ, 45 ವರ್ಷ, 78 ವರ್ಷ. ಕಂಪನಿ ಆಧಾರವಾಗಿ ಇಟ್ಟುಕೊಂಡದ್ದು 45 ವರ್ಷದ ಲೆಕ್ಕವನ್ನು.

ಮಲೆನಾಡ ಹುಡುಗ

ಒಂದು ಸಣ್ಣ ಸಂದೇಹ. ಪರವಾನಗಿ ಕೊಡುವುದು ಸೇನೆಯ ಎಂಜಿನಿಯರುಗಳು ಎಂದು ಎಲ್ಲೋ ಓದಿದೆ. ಗಣಿಗೂ ಸೇನೆಗೂ ಏನು ಸಂಬಂಧ?

ನಿವೃತ್ತ ವಕೀಲ

ಅಮೆರಿಕದ ಶುದ್ಧ ಜಲ ಕಾಯ್ದೆಯ 404ನೇ ಸೆಕ್ಷನ್ ತಮ್ಮಾ. ಹೊಳೆ, ಜೌಗುಭೂಮಿಗಳಿಗೆ ಮಣ್ಣು, ಕಲ್ಲು, ತ್ಯಾಜ್ಯ ತುಂಬಬೇಕಾದರೆ ಸೇನೆಯ ಎಂಜಿನಿಯರ್ ದಳದ ಪರವಾನಗಿ ಬೇಕು. ಅದೇ ಸೆಕ್ಷನ್ನಿನ (ಸಿ) ಉಪವಿಧಿಯ ಪ್ರಕಾರ ಪರಿಸರ ಸಂರಕ್ಷಣಾ ಸಂಸ್ಥೆ, ಅಂದರೆ ಇಪಿಎ, ಆ ಜಾಗದಲ್ಲಿ ತುಂಬಲೇಬಾರದು ಎಂದು ತಡೆಯಬಹುದು. ಪೆಬಲ್ ವಿಷಯದಲ್ಲಿ ಇಪಿಎ 2014ರಲ್ಲಿ ತಡೆಯ ಪ್ರಸ್ತಾವ ಮಾಡಿತು, 2019ರಲ್ಲಿ ಹಿಂತೆಗೆದುಕೊಂಡಿತು, 2023ರ ಜನವರಿಯಲ್ಲಿ ಅಂತಿಮವಾಗಿ ತಡೆ ಹಾಕಿತು. ನಡುವೆ ಸರ್ಕಾರಗಳು ಬದಲಾಗಿದ್ದವು.

ಪೆಸಿಫಿಕ್ ತೀರ

ಸಿಯಾಟಲ್ ಹತ್ತಿರ ಇರುತ್ತೇನೆ, ಮೂಲ ಕುಂದಾಪುರ ಕಡೆ. ಮೀನಿನ ಮಾತು ಬಂದಾಗ ಸುಮ್ಮನಿರಲಾಗಲಿಲ್ಲ.

ಬೇಸಿಗೆಯಲ್ಲಿ ಇಲ್ಲಿನ ಮೀನು ಮಾರುಕಟ್ಟೆಗೆ ಬ್ರಿಸ್ಟಲ್ ಕೊಲ್ಲಿಯ ಸಾಕ್‌ಐ ಬರುತ್ತದೆ. ಕತ್ತರಿಸಿದರೆ ಒಳಗಿನ ಮಾಂಸ ಕುಂಕುಮದ ನೀರಿನಲ್ಲಿ ಅದ್ದಿದಂತೆ ಕೆಂಪು. ಈ ಮೀನು ಹುಟ್ಟುವುದು ಒಳನಾಡಿನ ಸಿಹಿನೀರಿನಲ್ಲಿ. ಒಂದೆರಡು ವರ್ಷ ಸರೋವರದಲ್ಲಿ ಬೆಳೆದು ಸಮುದ್ರಕ್ಕೆ ಹೋಗುತ್ತದೆ. ಮತ್ತೆ ಸಾಮಾನ್ಯವಾಗಿ ಎರಡು ಮೂರು ವರ್ಷ ಬಿಟ್ಟು ಮೊಟ್ಟೆ ಇಡಲು ತಾನು ಹುಟ್ಟಿದ ತೊರೆಗೇ ಹಿಂತಿರುಗುತ್ತದೆ. ದಾರಿ ಹುಡುಕುವುದು ವಾಸನೆಯಿಂದ. ನೀರಿನಲ್ಲಿ ಕರಗಿದ ತಾಮ್ರ ನೂರು ಕೋಟಿಗೆ ಕೆಲವೇ ಭಾಗದಷ್ಟು ಹೆಚ್ಚಾದರೂ ಸಾಲ್ಮನ್ ಮರಿಗಳ ಮೂಗು ಮಂಕಾಗುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ತಾಮ್ರದ ಗಣಿಯನ್ನು ಆ ತೊರೆಗಳ ನೆತ್ತಿಯಲ್ಲೇ ಮಾಡಬೇಕೆಂದಾಗ ಯೂಪಿಕ್, ಡೆನೈನಾ ಮೂಲನಿವಾಸಿಗಳ ಹಳ್ಳಿಗಳ ಜನ ಏಕೆ ಎದ್ದು ನಿಂತರು ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ. 2022ರ ಒಂದೇ ಬೇಸಿಗೆಯಲ್ಲಿ ಆ ಕೊಲ್ಲಿಗೆ ಹಿಂತಿರುಗಿದ ಸಾಕ್‌ಐ ಸುಮಾರು 7.9 ಕೋಟಿ.

ನಮ್ಮ ಕಡೆ ಹೊಳೆಬಾಗಿಲಲ್ಲಿ ಮರಳು ಕಟ್ಟಿ ನೀರಿನ ದಾರಿ ತಪ್ಪಿದರೆ ಮೀನುಗಾರರ ಮನೆಗಳಲ್ಲಿ ಒಲೆ ಉರಿಯುವುದು ಕಷ್ಟವಾಗುತ್ತಿತ್ತು. ಆ ನೆನಪಿನಿಂದ ನೋಡುವವನು ನಾನು. 20 ವರ್ಷವೋ 78 ವರ್ಷವೋ ಎಂಬುದು ಆ ಜನಕ್ಕೆ ಬದುಕಿನ ಲೆಕ್ಕ.

ಬಂಡವಾಳದಾರ

ಭಾವನೆ ಅರ್ಥವಾಗುತ್ತದೆ. ಆದರೆ ಸೇನಾ ದಳದ ಅಂತಿಮ ಪರಿಸರ ಪರಿಣಾಮ ವರದಿ 2020ರ ಜುಲೈನಲ್ಲಿ ಏನು ಹೇಳಿತು? ಸಾಮಾನ್ಯ ಪರಿಸ್ಥಿತಿಯಲ್ಲಿ ಗಣಿ ನಡೆದರೆ ಬ್ರಿಸ್ಟಲ್ ಕೊಲ್ಲಿಯ ಮೀನಿನ ಸಂಖ್ಯೆಯಲ್ಲಿ ಅಳೆಯುವಂಥ ವ್ಯತ್ಯಾಸ ಆಗದು ಎಂದಿತು. ಸರ್ಕಾರದ ವರದಿಯೇ ಹಾಗೆ ಹೇಳಿದಾಗ ಪರವಾನಗಿ ಸಿಗುತ್ತದೆ ಎಂದು ಕಂಪನಿ ನಂಬಿದ್ದು, ಹಾಗೆಂದು ಷೇರುದಾರರಿಗೆ ತಿಳಿಸಿದ್ದು ಮೋಸ ಹೇಗಾಗುತ್ತದೆ?

ಇನ್ನೊಂದು ಮುಖ್ಯ ಸಂಗತಿ. ಅದೇ ವರದಿಯ ಒಟ್ಟಾರೆ ಪರಿಣಾಮಗಳ ಅಧ್ಯಾಯದಲ್ಲಿ 78 ವರ್ಷದ ವಿಸ್ತರಣೆಯನ್ನೂ ಸೇನಾ ದಳ ಪರಿಗಣಿಸಿದೆ. ಮುಚ್ಚಿಟ್ಟಿದ್ದರೆ ಅದು ಅಲ್ಲಿಗೆ ಬಂದದ್ದು ಹೇಗೆ?

ಹೊಳೆಸಾಲು

ಇದು ನಿಜವಾದ ಪ್ರಶ್ನೆ. ಎರಡು ದಿನ ಯೋಚಿಸಿ ಉತ್ತರ ಬರೆಯುತ್ತಿದ್ದೇನೆ.

ನಿಮ್ಮ ಎರಡು ಮಾತನ್ನು ಒಪ್ಪಿದೆ. ನಿಕ್ಷೇಪದ ಅಂಕಿ ಪ್ರಕಟಿಸಿದ್ದು ತಪ್ಪಲ್ಲ. ಸೇನಾ ದಳ 78 ವರ್ಷವನ್ನು ನೋಡಿದ್ದೂ ಹೌದು. ಆದರೆ ನೋಡಿದ್ದು "ಮುಂದೊಮ್ಮೆ ಆಗಬಹುದಾದದ್ದು" ಎಂಬ ವರ್ಗದಲ್ಲಿ. ಕಂಪನಿ ತನ್ನ ಬಾಯಿಂದ ಹೇಳಿದ್ದು ಬೇರೆ. ನಾರ್ದರ್ನ್ ಡೈನಾಸ್ಟಿಯ ಅಂಗಸಂಸ್ಥೆಯಾದ ಪೆಬಲ್ ಪಾಲುದಾರಿಕೆಯ ಮುಖ್ಯಸ್ಥರಾಗಿದ್ದ ಟಾಮ್ ಕಾಲಿಯರ್ 2019ರ ಅಕ್ಟೋಬರ್‌ನಲ್ಲಿ ಅಮೆರಿಕದ ಕೆಳಮನೆಯ ಉಪಸಮಿತಿಯ ಮುಂದೆ ಸಾಕ್ಷ್ಯ ನುಡಿದು, 20 ವರ್ಷದ ಆಚೆಗೆ ಸದ್ಯ ಯೋಜನೆ ಇಲ್ಲ ಎಂದರು.

ಒಂದು ವರ್ಷ ತುಂಬುವ ಮೊದಲೇ, 2020ರ ಸೆಪ್ಟೆಂಬರ್ 21ರಂದು, ಎನ್ವಿರಾನ್‌ಮೆಂಟಲ್ ಇನ್ವೆಸ್ಟಿಗೇಷನ್ ಏಜೆನ್ಸಿ ಎಂಬ ಸ್ವಯಂಸೇವಾ ಸಂಸ್ಥೆ ಕೆಲವು ವಿಡಿಯೊಗಳನ್ನು ಹೊರಬಿಟ್ಟಿತು. ಸಂಸ್ಥೆಯವರು ಹೂಡಿಕೆದಾರರ ವೇಷದಲ್ಲಿ ಮಾತನಾಡಿಸಿದ್ದರು. ಅತ್ತ ಕಡೆ ಕಾಲಿಯರ್ ಮತ್ತು ನಾರ್ದರ್ನ್ ಡೈನಾಸ್ಟಿಯ ಮುಖ್ಯಸ್ಥ ರೊನಾಲ್ಡ್ ಥೀಸೆನ್. ಹಣ ಹಾಕುವವರು ಎಂದು ನಂಬಿದವರ ಮುಂದೆ ಗಣಿಯ ಆಯುಷ್ಯ 180, 200 ವರ್ಷಗಳಿಗೆ ಏರಿತು. ಎರಡು ದಿನದಲ್ಲಿ ಕಾಲಿಯರ್ ರಾಜೀನಾಮೆ ಕೊಟ್ಟರು. ಆ ಸಂಭಾಷಣೆಗಳಲ್ಲಿ ತಪ್ಪು, ಸುಳ್ಳು ಮಾತುಗಳಿವೆ ಎಂದು ಸೇನಾ ದಳದ ಅಲಾಸ್ಕಾ ಕಚೇರಿಯೇ ಹೇಳಿತು.

ಅಂಕಿ ಎರಡು ಇದ್ದರೆ ನನಗೆ ತಕರಾರಿಲ್ಲ. ಕೇಳುವವರ ಮುಖ ನೋಡಿ ಉದ್ದೇಶ ಬದಲಾಗುತ್ತಿದ್ದುದೇ ನನ್ನ ತಕರಾರು. ಹಣ ಹಾಕುವವರು ಬಂದರೆ ಗಣಿ ಶತಮಾನಗಳದ್ದು, ನೀರು ಕಾಯುವವರು ಬಂದರೆ ಇಪ್ಪತ್ತೇ ವರ್ಷದ್ದು.

ಬಂಡವಾಳದಾರ

ವೇಷ ಹಾಕಿ ಮಾತನಾಡಿಸಿ ಗುಟ್ಟಾಗಿ ಚಿತ್ರೀಕರಿಸುವುದನ್ನು ನಾನು ಒಪ್ಪುವುದಿಲ್ಲ. ಮಾರಾಟದ ಮಾತಿನಲ್ಲಿ ಎಲ್ಲರೂ ಸ್ವಲ್ಪ ಹಿಗ್ಗಿಸಿ ಹೇಳುತ್ತಾರೆ. ಅದನ್ನು ಪ್ರಮಾಣ ಮಾಡಿ ಕೊಟ್ಟ ಹೇಳಿಕೆಯ ಪಕ್ಕ ಇಡುವುದು ನ್ಯಾಯವಲ್ಲ.

ನಿವೃತ್ತ ವಕೀಲ

ಅಲ್ಲೇ ಕಾನೂನಿನ ಗಂಟು ಇರುವುದು. ಅಮೆರಿಕದ 1995ರ ಷೇರು ವ್ಯಾಜ್ಯ ಸುಧಾರಣಾ ಕಾಯ್ದೆ ಭವಿಷ್ಯದ ಮಾತುಗಳಿಗೆ ರಕ್ಷಣೆ ಕೊಡುತ್ತದೆ. "ಪರವಾನಗಿ ಸಿಗುವ ನಿರೀಕ್ಷೆ ಇದೆ" ಎಂದು ಎಚ್ಚರಿಕೆಯ ಮಾತುಗಳೊಂದಿಗೆ ಬರೆದರೆ, ಸಿಗದಿದ್ದರೂ ಅದೊಂದೇ ಕಾರಣಕ್ಕೆ ಶಿಕ್ಷೆ ಇಲ್ಲ. ಆದರೆ "ವಿಸ್ತರಣೆಯ ಯೋಜನೆ ಸದ್ಯ ನಮ್ಮಲ್ಲಿಲ್ಲ" ಎಂಬುದು ಭವಿಷ್ಯದ ಮಾತಲ್ಲ. ಹೇಳುವ ಹೊತ್ತಿಗೆ ಮನಸ್ಸಿನಲ್ಲಿ, ಕಡತದಲ್ಲಿ ಏನಿದೆ ಎಂಬ ಇವತ್ತಿನ ಸಂಗತಿ. ಅದು ನಿಜವೋ ಸುಳ್ಳೋ ಎಂದು ಪರೀಕ್ಷಿಸಬಹುದು.

ಮುಂದೆ ನಡೆದದ್ದು: 2020ರ ನವೆಂಬರ್ 25ರಂದು ಸೇನಾ ದಳ ಪರವಾನಗಿ ನಿರಾಕರಿಸಿತು, ಷೇರು ಬೆಲೆ ಅರ್ಧಕ್ಕೆ ಇಳಿಯಿತು. ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯದಲ್ಲಿ ಷೇರುದಾರರು ಸಾಮೂಹಿಕ ದಾವೆ ಹೂಡಿದರು. ಯೋಜನೆಯ ನಿಜವಾದ ಗಾತ್ರವನ್ನು ಮರೆಮಾಚಿದ್ದರಿಂದ ನಮಗೆ ನಷ್ಟವಾಯಿತು ಎಂಬುದು ಅವರ ವಾದ. ಕೊನೆಗೆ 63.75 ಲಕ್ಷ ಡಾಲರ್‌ಗೆ ರಾಜಿಯಾಯಿತು. ರಾಜಿ ಎಂದರೆ ತಪ್ಪೊಪ್ಪಿಗೆಯಲ್ಲ, ನಿರ್ದೋಷಿ ಎಂಬ ತೀರ್ಪೂ ಅಲ್ಲ. 2021ರ ಫೆಬ್ರುವರಿಯಲ್ಲಿ ಅಲಾಸ್ಕಾದ ಫೆಡರಲ್ ಪ್ರಾಸಿಕ್ಯೂಟರ್ ಕಚೇರಿಯಿಂದ ಗ್ರ್ಯಾಂಡ್ ಜ್ಯೂರಿ (ಆರೋಪ ಹೊರಿಸಬೇಕೇ ಎಂದು ನೋಡುವ ನಾಗರಿಕರ ಮಂಡಳಿ) ಸಮನ್ಸ್ ಬಂದಿರುವುದಾಗಿ ಕಂಪನಿಯೇ ಪ್ರಕಟಿಸಿತು. 2022ರ ಅಕ್ಟೋಬರ್‌ನಲ್ಲಿ ಕೆಳಮನೆಯ ಸಮಿತಿಯ ಬಹುಮತದ ಬಣ ಒಂದು ವರದಿ ತಂದು, ವಿಸ್ತರಣೆಯ ಉದ್ದೇಶ ಇಟ್ಟುಕೊಂಡೇ ಸಣ್ಣ ಯೋಜನೆ ಮುಂದಿಟ್ಟರು ಎಂದಿತು. ಕಂಪನಿಯ ನಿಲುವು ಮಾತ್ರ ಬದಲಾಗಿಲ್ಲ. ನಿರಾಕರಣೆ ರಾಜಕೀಯದ್ದು ಎನ್ನುತ್ತದೆ. ಇಪಿಎ ತಡೆಯ ವಿರುದ್ಧ 2024ರ ಮಾರ್ಚ್‌ನಲ್ಲಿ ದಾವೆ ಹೂಡಿದೆ.

ಅದಿರುಮಣ್ಣು

ಇಷ್ಟೆಲ್ಲ ಆಗುವ ಮೊದಲೇ ತಿಳಿದವರು ಹೊರಟುಹೋಗಿದ್ದರು, ಅದನ್ನೂ ಹೇಳಿ. ಯೋಜನೆಯ ಪಾಲುದಾರನಾಗಿದ್ದ ಆಂಗ್ಲೊ ಅಮೆರಿಕನ್ 54 ಕೋಟಿ ಡಾಲರ್ ಸುರಿದು 2013ರಲ್ಲಿ ಕೈಬಿಟ್ಟಿತು. ರಿಯೊ ಟಿಂಟೊ 2014ರಲ್ಲಿ ನಾರ್ದರ್ನ್ ಡೈನಾಸ್ಟಿಯಲ್ಲಿ ತನಗಿದ್ದ ಷೇರುಗಳನ್ನು ಅಲಾಸ್ಕಾದ ಎರಡು ದತ್ತಿ ಸಂಸ್ಥೆಗಳಿಗೆ ದಾನ ಕೊಟ್ಟುಬಿಟ್ಟಿತು. ಗಣಿ ದೈತ್ಯರು ಷೇರನ್ನು ಮಾರುವ ಬದಲು ದಾನ ಮಾಡಿದ್ದನ್ನು ನನ್ನ ಅನುಭವದಲ್ಲಿ ಬೇರೆ ಕಂಡಿಲ್ಲ. 2017ರಲ್ಲಿ ಕೆರಿಸ್‌ಡೇಲ್ ಎಂಬ ಸಂಸ್ಥೆ ಈ ಯೋಜನೆಗೆ ಬೆಲೆಯೇ ಇಲ್ಲ ಎಂದು ವರದಿ ಬರೆಯಿತು. ಷೇರು ಬಿದ್ದರೆ ಲಾಭ ಮಾಡುವ ಸಂಸ್ಥೆ ಅದು, ಆದ್ದರಿಂದ ಅದರ ಮಾತನ್ನು ಜರಡಿ ಹಿಡಿದೇ ಓದಬೇಕು.

ಹೊಳೆಸಾಲು

ನಾನು ಗುರುತು ಹಾಕಿಕೊಂಡ ಇನ್ನೊಂದು ಸಂಗತಿ: ಪರವಾನಗಿ ಸಿಕ್ಕರೆ ಕಾಲಿಯರ್ ಅವರಿಗೆ 1.24 ಕೋಟಿ ಡಾಲರ್ ವಿಶೇಷ ಬೋನಸ್ ಎಂದು ಒಪ್ಪಂದವಿತ್ತು. ಗಣಿ ಚೆನ್ನಾಗಿ ನಡೆದರೆ ಅಲ್ಲ, ಮೀನು ಉಳಿದರೆ ಅಲ್ಲ, ಪರವಾನಗಿ ಸಿಕ್ಕರೆ. ಸಂಬಳದ ಪುಟ ಓದದೆ ಯಾವ ಕಂಪನಿಯ ಪರಿಸರದ ಮಾತನ್ನೂ ನಂಬಬೇಡಿ ಎಂದು ನನ್ನ ಕೈಕೆಳಗಿನ ಹುಡುಗರಿಗೆ ಹೇಳುತ್ತಿರುತ್ತೇನೆ.

ಸೇನಾ ದಳದ 2020ರ ಆಗಸ್ಟ್ ಪತ್ರವನ್ನೂ ಓದಿ. 20 ವರ್ಷದ ಆ "ಸಣ್ಣ" ಗಣಿಯ ಜಾಗದಲ್ಲೇ 2,825 ಎಕರೆ ಜೌಗುಭೂಮಿ, 132.5 ಎಕರೆ ತೆರೆದ ನೀರು, 129.5 ಮೈಲಿ ತೊರೆಗಳು ಹೋಗುತ್ತವೆ. ಇದು ಗಣನೀಯ ಹಾನಿ. ಇದಕ್ಕೆ ಪರಿಹಾರವಾಗಿ ಅದೇ ಜಲಾನಯನದಲ್ಲಿ ಏನು ಮಾಡುತ್ತೀರಿ, 90 ದಿನದಲ್ಲಿ ತಿಳಿಸಿ ಎಂದು ಕೇಳಿದ ಪತ್ರ ಅದು. ಕಂಪನಿ ಕೊಟ್ಟ ಉತ್ತರ ಸಾಲಲಿಲ್ಲ. ಸಣ್ಣ ಗಣಿಗೇ ಈ ಲೆಕ್ಕ.

ನೆಲದಕ್ಷೆ

ಬಹಳ ದಿನದಿಂದ ಈ ಚರ್ಚೆ ಓದುತ್ತಿದ್ದೆ, ಬರೆಯಲು ಹಿಂಜರಿಕೆಯಿತ್ತು. ಹದಿನೈದು ವರ್ಷದ ಹಿಂದೆ ಪರಿಸರ ಪರಿಣಾಮ ವರದಿ ತಯಾರಿಸುವ ಒಂದು ಸಲಹಾ ಸಂಸ್ಥೆಯಲ್ಲಿ ನಕ್ಷೆ ಬಿಡಿಸುವ ಕೆಲಸದಲ್ಲಿದ್ದೆ. ಹೆಸರು ಬೇಡ, ರಾಜ್ಯವೂ ಬೇಡ.

ಒಂದು ಗಣಿಯ ನಕ್ಷೆ. ತ್ಯಾಜ್ಯ ಕಲ್ಲು ರಾಶಿ ಹಾಕುವ ಜಾಗವನ್ನು ಗ್ರಾಹಕರು ಕೊಟ್ಟ ಅಳತೆಯಂತೆ ಬಿಡಿಸಿ, ಪಕ್ಕದಲ್ಲಿ "ಹಂತ 1" ಎಂದು ಬರೆದಿದ್ದೆ. ಅವರು ಕಳಿಸಿದ ಕಡತದಲ್ಲೂ ಹಾಗೇ ಇತ್ತು. ಮೇಲಧಿಕಾರಿ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಪೆನ್ಸಿಲಿನಿಂದ ಆ ಪದದ ಸುತ್ತ ಒಂದು ಸುತ್ತು ಹಾಕಿ, "ಇದು ತೆಗೆಯಿರಿ. 1 ಎಂದರೆ 2 ಎಲ್ಲಿ ಎಂದು ಕೇಳುತ್ತಾರೆ" ಎಂದರು. ತೆಗೆದೆ. ರಾಶಿಯ ಜಾಗದ ಗೆರೆಯನ್ನು ಮಾತ್ರ ಅವರು ಮುಟ್ಟಲಿಲ್ಲ. ವರದಿಯಲ್ಲಿ ಬರೆದಿದ್ದ ಎಂಟು ವರ್ಷದ ಆಯುಷ್ಯದ ಕಲ್ಲಿಗೆ ಅಷ್ಟು ಜಾಗ ಬೇಕಿರಲಿಲ್ಲ ಎಂದು ಅಳತೆಪಟ್ಟಿ ಇಟ್ಟವರಿಗೆ ಗೊತ್ತಾಗುತ್ತಿತ್ತು. ಯಾರೂ ಇಡಲಿಲ್ಲ. ಆ ನಕ್ಷೆಯ ಕೆಳಗೆ ನನ್ನ ಹೆಸರಿನ ಮೊದಲಕ್ಷರಗಳಿವೆ. ಆ ಕೆಲಸ ಬಿಟ್ಟು ಬಂದರೂ ಆ ಗೆರೆ ಕಣ್ಣಿನಿಂದ ಹೋಗಿಲ್ಲ.

ಬಂಡವಾಳದಾರ

ನೆಲದಕ್ಷೆ ಅವರೇ, ಇದನ್ನು ಬರೆದದ್ದಕ್ಕೆ ಧನ್ಯವಾದ. ನನ್ನ ಮಹಡಿಯ ಹೋಲಿಕೆಯನ್ನು ಹಿಂತೆಗೆದುಕೊಳ್ಳುತ್ತೇನೆ. ಗುಟ್ಟಾಗಿ ಚಿತ್ರೀಕರಿಸಿದ್ದರ ಬಗ್ಗೆ ನನ್ನ ಅಭಿಪ್ರಾಯ ಅದೇ. ಹಣ ಹಾಕುವವನಾಗಿ ಒಂದು ಮಾತು ಸೇರಿಸುತ್ತೇನೆ: ಪರವಾನಗಿ ಸಣ್ಣ ಗಣಿಗೆ, ಷೇರಿನ ಬೆಲೆ ದೊಡ್ಡ ಗಣಿಗೆ ಎಂದಾದರೆ ನಡುವಿನ ಅಂತರವೆಲ್ಲ ಅಪಾಯವೇ. ಅದನ್ನು ಷೇರುದಾರನಿಗೆ ಬಿಡಿಸಿ ಹೇಳಬೇಕಿತ್ತು.

ಮಲೆನಾಡ ಹುಡುಗ

ನಮ್ಮ ದೇಶದಲ್ಲಿ ಇಂಥದ್ದಕ್ಕೆ ಕಾನೂನು ಇದೆಯೇ? ಕೇಳಲು ಕಾರಣವಿದೆ. ನಮ್ಮ ತಾಲ್ಲೂಕಿನಲ್ಲಿ ಒಂದು ಗಣಿಗೆ ಸಾರ್ವಜನಿಕ ಅಹವಾಲು ಸಭೆ ಕರೆದಿದ್ದಾರೆ.

ನಿವೃತ್ತ ವಕೀಲ

ಇದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ 8ನೇ ಕಂಡಿಕೆಯ 6ನೇ ಉಪಕಂಡಿಕೆ: ಮುಖ್ಯ ಮಾಹಿತಿಯನ್ನು ಬೇಕೆಂದೇ ಮುಚ್ಚಿಟ್ಟರೆ, ಸುಳ್ಳು ಅಥವಾ ದಾರಿ ತಪ್ಪಿಸುವ ಮಾಹಿತಿ ಕೊಟ್ಟರೆ ಅರ್ಜಿ ತಿರಸ್ಕರಿಸಬಹುದು, ಕೊಟ್ಟ ಅನುಮೋದನೆಯನ್ನೂ ರದ್ದು ಮಾಡಬಹುದು. ಷೇರುಪೇಟೆಯ ಕಡೆಯಿಂದ ಸೆಬಿಯ 2015ರ ಪ್ರಕಟಣಾ ನಿಯಮಾವಳಿಯ 30ನೇ ನಿಯಮ: ಮುಖ್ಯ ಪರವಾನಗಿ ಸಿಕ್ಕರೂ, ರದ್ದಾದರೂ, ಅಮಾನತಾದರೂ ಅದು ಕಂಪನಿಗೆ ಮಹತ್ವದ್ದಾದರೆ ಷೇರುಪೇಟೆಗೆ ತಿಳಿಸಬೇಕು. ಎರಡು ಕಾನೂನು, ಎರಡು ಕಚೇರಿ. ಒಂದರ ಕಡತವನ್ನು ಇನ್ನೊಂದರ ಪಕ್ಕ ಇಟ್ಟು ನೋಡುವ ಹೊಣೆ ಯಾರಿಗೂ ಕೊಟ್ಟಿಲ್ಲ, ಅದು ದೊಡ್ಡ ಬಿರುಕು.

ಒಡಿಶಾದ ನಿಯಮಗಿರಿಯನ್ನೇ ನೋಡಿ. ಲಾಂಜಿಗಢದ ಅಲ್ಯೂಮಿನಾ ಘಟಕಕ್ಕೆ ವೇದಾಂತ ಸಲ್ಲಿಸಿದ ಅರ್ಜಿಯಲ್ಲಿ ಅರಣ್ಯಭೂಮಿ ಬೇಕಿಲ್ಲ ಎಂದಿತ್ತು. 2004ರಲ್ಲಿ 58.943 ಹೆಕ್ಟೇರ್ ಅರಣ್ಯಭೂಮಿಗೆ ಪ್ರತ್ಯೇಕ ಅರ್ಜಿ ಬಂತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬೆಟ್ಟದ ಗಣಿಯನ್ನು ಬದಿಗಿಟ್ಟು ಘಟಕಕ್ಕೆ ಮಾತ್ರ ಅನುಮೋದನೆ ಸಿಕ್ಕಿತು. ಘಟಕ ಕಟ್ಟಿದ್ದೇ ಆ ಬೆಟ್ಟದ ಬಾಕ್ಸೈಟನ್ನು ನಂಬಿ. ಸುಪ್ರೀಂ ಕೋರ್ಟ್ ನೇಮಿಸಿದ ಕೇಂದ್ರೀಯ ಉನ್ನತಾಧಿಕಾರ ಸಮಿತಿ 2005ರಲ್ಲಿ ಇದನ್ನೆಲ್ಲ ಬರೆದಿಟ್ಟಿತು. ಕೊನೆಗೆ 2013ರಲ್ಲಿ ಹನ್ನೆರಡು ಗ್ರಾಮಸಭೆಗಳು ಗಣಿ ಬೇಡ ಎಂದವು.

ಹೊಳೆಸಾಲು

ಮಲೆನಾಡ ಹುಡುಗ ಅವರೇ, ಸಭೆಗೆ ಹೋಗುವ ಮೊದಲು ಮೂರು ಅಂಕಿ ಹುಡುಕಿ: ಗಣಿಯ ಆಯುಷ್ಯ ಎಷ್ಟು ವರ್ಷ, ಒಟ್ಟು ನಿಕ್ಷೇಪ ಎಷ್ಟು ಟನ್, ವರ್ಷಕ್ಕೆ ತೆಗೆಯುವುದು ಎಷ್ಟು. ನಿಕ್ಷೇಪವನ್ನು ವಾರ್ಷಿಕ ಉತ್ಪಾದನೆಯಿಂದ ಭಾಗಿಸಿ. ಬಂದ ವರ್ಷಗಳು ಅವರು ಬರೆದ ಆಯುಷ್ಯಕ್ಕೆ ತಾಳೆಯಾಗದಿದ್ದರೆ ಅಲ್ಲೇ ಪ್ರಶ್ನೆ ಹುಟ್ಟುತ್ತದೆ. ಕಂಪನಿ ಷೇರುಪೇಟೆಯಲ್ಲಿದ್ದರೆ ವಾರ್ಷಿಕ ವರದಿಯಲ್ಲಿ ಅದೇ ಗಣಿಯ ಬಗ್ಗೆ ಏನಿದೆ ನೋಡಿ. ಮತ್ತೆ ನೆಲದಕ್ಷೆ ಅವರು ಹೇಳಿದಂತೆ ತ್ಯಾಜ್ಯದ ಜಾಗದ ಮೇಲೆ ಅಳತೆಪಟ್ಟಿ ಇಡಿ. ವರದಿಯ ಸಾರಾಂಶ ಕನ್ನಡದಲ್ಲೂ ಇರಬೇಕು. ಅದರ ಪ್ರತಿ ನಿಮ್ಮ ಪಂಚಾಯಿತಿಯಲ್ಲಿ ಸಿಗಬೇಕು.

ಮಲೆನಾಡ ಹುಡುಗ

ಇವತ್ತು ಪಂಚಾಯಿತಿ ಕಚೇರಿಗೆ ಹೋಗಿದ್ದೆ. ಕಾರ್ಯದರ್ಶಿ ಬೀರುವಿನಿಂದ ತೆಗೆದುಕೊಟ್ಟರು. ಕನ್ನಡ ಸಾರಾಂಶ 14 ಪುಟ. ವಾರ್ಷಿಕ ಉತ್ಪಾದನೆ ಇದೆ, ಉದ್ಯೋಗ ಎಷ್ಟು ಜನಕ್ಕೆ ಎಂದಿದೆ, ಗಿಡ ನೆಡುವುದರ ಬಗ್ಗೆ ಒಂದೂವರೆ ಪುಟ ಇದೆ. ಆಯುಷ್ಯ ಎಷ್ಟು ವರ್ಷ ಎಂಬುದು ಎಲ್ಲೂ ಇಲ್ಲ. ಇಂಗ್ಲಿಷ್ ವರದಿಯ ಕೋಷ್ಟಕದಲ್ಲಿ ಆ ಸಾಲು ಇದೆ. ಎರಡೂ ಪುಟಗಳ ನೆರಳಚ್ಚು ಮಾಡಿಸಿಕೊಂಡು ಬಂದಿದ್ದೇನೆ. ನೆಲದಕ್ಷೆ ಅವರೇ, ನಕ್ಷೆಯನ್ನು ಹೇಗೆ ಅಳೆಯಬೇಕು ಎಂದು ತಿಳಿಸುತ್ತೀರಾ? ಸಭೆ ಇರುವುದು ಬರುವ ಮಂಗಳವಾರ.

ನೆಲದಕ್ಷೆ

ನಕ್ಷೆಯ ಕೆಳಗಿನ ಮೂಲೆಯಲ್ಲಿ ಅಳತೆಯ ಪಟ್ಟಿ ಇರುತ್ತದೆ, ಅದೂ ಸೇರಿದಂತೆ ಚಿತ್ರ ತೆಗೆದು ಕಳಿಸಿ. ಇವತ್ತು ರಾತ್ರಿಯೇ ಕೂತು ನೋಡುತ್ತೇನೆ.